ನಾಲ್ಕು ಇಂಜೆಕ್ಟರ್‌ಗೆ ನಾಲ್ಕು ರೆಸಿಸ್ಟರ್: ನನ್ನ ಅನುಭವ

ಕಾರಿಗೆ ಹಾಕಲು ತರಿಸಿದ ಇಂಜೆಕ್ಟರಿಗೆ (ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಹಿಡಿದಾಗ ಮಲ್ಟಿಮೀಟರ್ 2.7 ಅಂತ ತೋರಿಸಿತು. ಎರಡೂ ಪ್ರೋಬ್‌ಗಳ ತುದಿಯನ್ನು ಒಂದಕ್ಕೊಂದು ತಾಗಿಸಿ ನೋಡಿದೆ, 0.3. ಅದು ಮೀಟರಿನ ವೈರಿನದೇ ಲೆಕ್ಕ. ಕಳೆದರೆ ಇಂಜೆಕ್ಟರಿನದು 2.4 ಓಮ್. ಉಳಿದ ಮೂರನ್ನೂ ನೋಡಿದೆ. 2.4, 2.4, 2.5. ನನ್ನ ಕಾರಿನಿಂದ ಬಿಚ್ಚಿಟ್ಟಿದ್ದ ಹಳೇ ಇಂಜೆಕ್ಟರುಗಳು ಪಕ್ಕದಲ್ಲೇ ಇದ್ದವು. ಅವು 13 ಓಮ್ ಹತ್ತಿರ ತೋರಿಸಿದವು. ಇವನ್ನು ಹಾಗೇ ಸಿಕ್ಕಿಸಿ ಕೀ ತಿರುಗಿಸಿದ್ದರೆ ನನ್ನ ಇಸಿಯು, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಅವತ್ತೇ ಹೋಗುತ್ತಿತ್ತು.

ಕಾರು 2002ರ ಹೋಂಡಾ ಸಿಟಿ, 1.5 ವಿಟೆಕ್. ಹಳೇ ಬೆಂಗಳೂರಿನ ಹುಡುಗರಿಗೆ ಈ ಕಾರಿನ ಮೇಲೆ ಇರುವ ಪ್ರೀತಿ ಬೇರೆಯದೇ. ನಾನು ಅದಕ್ಕೆ ಒಂದು ಸಣ್ಣ ಟರ್ಬೊ ಹಾಕಿದ್ದೇನೆ, ಬೂಸ್ಟ್, ಅಂದರೆ ಅದು ಗಾಳಿಯನ್ನು ಒಳಗೆ ತಳ್ಳುವ ಒತ್ತಡ, ಅರ್ಧ ಬಾರ್ ಅಷ್ಟೇ. ಇದು ರಸ್ತೆಯಲ್ಲಿ ಓಡುವ ಗಾಡಿ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ಹೊಂದದ ಹಾಗೆ ಬದಲಾಯಿಸುವಂತಿಲ್ಲ. ಆಟೋಕ್ರಾಸ್ (ಮೈದಾನದಲ್ಲಿ ಸಮಯ ನೋಡಿ ಓಡಿಸುವ ಸ್ಪರ್ಧೆ) ಇದ್ದಾಗ ಟ್ರಕ್ ಮೇಲೆ ಏರಿಸಿಕೊಂಡು ಹೋಗಿ, ಹಾಗೇ ವಾಪಸ್ ತರುತ್ತೇನೆ.

ಟರ್ಬೊ ಬಂದ ಮೇಲೆ ಗಾಳಿ ಜಾಸ್ತಿ ಒಳಗೆ ಹೋಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬೇಕು. ಹಳೇ ಇಂಜೆಕ್ಟರುಗಳಿಗೆ ಅಷ್ಟು ಕೊಡುವ ತಾಕತ್ತಿಲ್ಲ. ಅಮೆರಿಕದಲ್ಲಿರುವ ಗೆಳೆಯ ರಜಕ್ಕೆ ಬರುವಾಗ ಒಂದು ಸೆಟ್ ತಂದುಕೊಟ್ಟ. ಅಲ್ಲಿನ ಹಳೇ ಮಿತ್ಸುಬಿಷಿ ಎಕ್ಲಿಪ್ಸ್ ಟರ್ಬೊ ಕಾರಿನವು, ನಿಮಿಷಕ್ಕೆ 450 ಸಿಸಿ. ಅಲ್ಲಿ ಹೋಂಡಾಗೆ ಟರ್ಬೊ ಹಾಕುವವರು ಇವನ್ನು ವರ್ಷಗಟ್ಟಲೆ ಬಳಸಿದ್ದಾರೆ. ಗಟ್ಟಿ ಸಾಮಾನು. ಆದರೆ ಎಕ್ಲಿಪ್ಸ್ ಕಾರಿನಲ್ಲಿ ಕಂಪನಿಯೇ ಒಂದು ರೆಸಿಸ್ಟರ್ ಪೆಟ್ಟಿಗೆ ಇಟ್ಟಿರುತ್ತದೆ. ಗೆಳೆಯ ಇಂಜೆಕ್ಟರ್ ಮಾತ್ರ ತಂದಿದ್ದ. ಪೆಟ್ಟಿಗೆ ಅಲ್ಲೇ ಉಳಿದಿತ್ತು.

ಲೆಕ್ಕ ತುಂಬಾ ಸರಳ. ಇಂಜಿನ್ ಓಡುವಾಗ ಚಾರ್ಜಿಂಗ್ ವೋಲ್ಟೇಜ್ 14 ಇರುತ್ತದೆ. 13 ಓಮ್ ಇಂಜೆಕ್ಟರ್ ಆದರೆ 1 ಆಂಪ್ ಚಿಲ್ಲರೆ. 2.4 ಓಮ್ ಆದರೆ 5.8 ಆಂಪ್. 1 ಆಂಪ್ ಹೊರಲು ಮಾಡಿದ ಡ್ರೈವರ್ (ಇಂಜೆಕ್ಟರನ್ನು ತೆರೆದು ಮುಚ್ಚುವ ಇಸಿಯುನ ಸರ್ಕ್ಯೂಟ್) ಮೇಲೆ ಸುಮಾರು ಆರು ಪಟ್ಟು ಹೊರೆ ಬೀಳುತ್ತದೆ. ಇಂಜೆಕ್ಟರಿನ ಕಾಯಿಲ್ ಕೂಡ ಅಷ್ಟು ಹೊತ್ತು ಅಷ್ಟು ಕರೆಂಟ್ ತಡೆಯುವುದಿಲ್ಲ.

ಹಾಗಾದರೆ ಇಷ್ಟು ಕಮ್ಮಿ ಓಮ್ ಇಟ್ಟು ಯಾಕೆ ಮಾಡಿದರು? ಆಗಿನ ಕಾಲದ ದೊಡ್ಡ ಇಂಜೆಕ್ಟರಿನಲ್ಲಿ ಪೆಟ್ರೋಲಿನ ದಾರಿ ಮುಚ್ಚಿರುವ ಸೂಜಿಯನ್ನು ಬೇಗ ಎತ್ತಬೇಕಿತ್ತು. ಕಾಯಿಲ್‌ನಲ್ಲಿ ಸುತ್ತು ಕಮ್ಮಿ ಇದ್ದರೆ ಕರೆಂಟ್ ಬೇಗ ಏರುತ್ತದೆ. ಇವಕ್ಕೆಂದೇ ಮಾಡಿದ ಡ್ರೈವರ್ ಮೊದಲು 4 ಆಂಪ್‌ನಷ್ಟು ಕೊಟ್ಟು ಸೂಜಿಯನ್ನು ಎತ್ತುತ್ತದೆ, ಆಮೇಲೆ 1 ಆಂಪ್‌ಗೆ ಇಳಿಸಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಪೀಕ್ ಅಂಡ್ ಹೋಲ್ಡ್ ಅನ್ನುತ್ತಾರೆ. ಆ ಡ್ರೈವರ್ ಇಲ್ಲದವರಿಗೆ ಇರುವ ದಾರಿ ಸೀರೀಸ್‌ನಲ್ಲಿ ಒಂದು ರೆಸಿಸ್ಟರ್. ನನ್ನದು ಸ್ಪೀಡುಯಿನೊ, ಆರ್ಡುಯಿನೊ ಮೆಗಾ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಕಟ್ಟಿದ ಓಪನ್ ಸೋರ್ಸ್ ಇಸಿಯು. ಅದರ ಬೋರ್ಡು ಇರುವುದೇ ಜಾಸ್ತಿ ಓಮ್ ಇರುವ ಇಂಜೆಕ್ಟರಿಗೆ. ಕಮ್ಮಿ ಓಮ್‌ನವಕ್ಕೆ ರೆಸಿಸ್ಟರ್ ಹಾಕಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ.

ಇಲ್ಲೇ ನಾನು ಮೊದಲ ತಪ್ಪು ಮಾಡಿದೆ.

ಕಾರಿನ ವೈರಿಂಗ್ ಬಿಚ್ಚಿ ನೋಡಿದರೆ ಪ್ರತಿ ಇಂಜೆಕ್ಟರಿಗೂ ಎರಡು ವೈರ್ ಇರುತ್ತವೆ. ಒಂದು ನಾಲ್ಕಕ್ಕೂ ಒಂದೇ ಬಣ್ಣದ್ದು, ಅದು ರಿಲೇಯಿಂದ ಬರುವ ಪ್ಲಸ್. ಇನ್ನೊಂದು ನಾಲ್ಕಕ್ಕೂ ಬೇರೆ ಬೇರೆ ಬಣ್ಣದ್ದು, ಅದು ಇಸಿಯುಗೆ ಹೋಗುತ್ತದೆ. ಇಸಿಯು ಆ ವೈರನ್ನು ಅರ್ತ್ ಮಾಡಿದಾಗ ಇಂಜೆಕ್ಟರ್ ತೆರೆಯುತ್ತದೆ. ಪ್ಲಸ್ ಹೇಗೂ ಒಂದೇ ವೈರಿನಲ್ಲಿ ಬಂದು ಆಮೇಲೆ ನಾಲ್ಕಾಗಿ ಒಡೆಯುತ್ತದೆ. ಒಡೆಯುವ ಮೊದಲೇ 6.8 ಓಮ್‌ನ ಒಂದು ದಪ್ಪ ರೆಸಿಸ್ಟರ್ ಹಾಕಿದರೆ ಕೆಲಸ ಮುಗಿಯಿತಲ್ಲ ಅಂದುಕೊಂಡೆ. ಇಂಜೆಕ್ಟರುಗಳು ಸರದಿಯ ಪ್ರಕಾರ ಒಂದಾದ ಮೇಲೆ ಒಂದು ತೆರೆಯುತ್ತವೆ, ಒಂದು ಹೊತ್ತಿಗೆ ಒಂದೇ ಅಲ್ವಾ ಅನ್ನುವುದು ನನ್ನ ಲೆಕ್ಕ.

ಸೆಲ್ಫ್ ಹೊಡೆದೆ, ಇಂಜಿನ್ ಶುರುವಾಯಿತು. ಐಡಲ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವುದು) ಹದವಾಗಿತ್ತು. ಅಂಗಳದಲ್ಲಿ ರೇಸ್ ಕೊಟ್ಟು ನೋಡಿದೆ, ಏನೂ ತೊಂದರೆ ಇಲ್ಲ. ವಾರ ಕಳೆದು ಮೈದಾನಕ್ಕೆ ಹೋದಾಗ ನಿಜ ಗೊತ್ತಾಯಿತು. ಎರಡನೇ ಗೇರ್‌ನಲ್ಲಿ ಬೂಸ್ಟ್ ಏರುತ್ತಿದ್ದ ಹಾಗೆ ಇಂಜಿನ್ ಮಿಸ್ಸಿಂಗ್ ಹೊಡೆಯಿತು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರಿನ ಮೇಲೆ ಕಣ್ಣಿಟ್ಟಿದ್ದೆ. 11.5ರ ಹತ್ತಿರ ಇರಬೇಕಾದ ಜಾಗದಲ್ಲಿ 14 ದಾಟಿತ್ತು. ಬೂಸ್ಟ್ ಇರುವಾಗ ಇಷ್ಟು ಲೀನ್ ಆದರೆ, ಅಂದರೆ ಪೆಟ್ರೋಲ್ ಕಮ್ಮಿ ಬಿದ್ದರೆ, ಪಿಸ್ಟನ್ ಕರಗುತ್ತದೆ. ತಕ್ಷಣ ಕಾಲು ತೆಗೆದೆ. ಬಂದು ಬೋನೆಟ್ ಎತ್ತಿ ನಿಂತಾಗ ಕೈ ನಡುಗುತ್ತಿತ್ತು.

ರಾತ್ರಿ ಕಾಗದ ಹಿಡಿದು ಕೂತೆ. ಐಡಲ್‌ನಲ್ಲಿ, 800 ಆರ್‌ಪಿಎಂ ಇದ್ದಾಗ, ಇಂಜಿನ್ನಿನ ಎರಡು ಸುತ್ತಿಗೆ 150 ಮಿಲಿಸೆಕೆಂಡ್ ಬೇಕು. ಇಂಜೆಕ್ಟರ್ ತೆರೆದಿರುವುದು ಅದರಲ್ಲಿ 2 ಅಥವಾ 3 ಮಿಲಿಸೆಕೆಂಡ್. ಒಂದು ಮುಚ್ಚಿ ಎಷ್ಟೋ ಹೊತ್ತಾದ ಮೇಲೆ ಇನ್ನೊಂದರ ಸರದಿ. ಹಾಗಾಗಿ ಐಡಲ್ ಚೆನ್ನಾಗಿತ್ತು. 6000 ಆರ್‌ಪಿಎಂಗೆ ಹೋದರೆ ಎರಡು ಸುತ್ತಿಗೆ ಇರುವುದು ಬರೀ 20 ಮಿಲಿಸೆಕೆಂಡ್. 5 ಮಿಲಿಸೆಕೆಂಡಿಗೊಂದು ಇಂಜೆಕ್ಟರಿನ ಸರದಿ ಬರುತ್ತದೆ. ಆದರೆ ಬೂಸ್ಟ್‌ನಲ್ಲಿ ಒಂದೊಂದೂ 11 ಮಿಲಿಸೆಕೆಂಡ್ ತೆರೆದಿರಬೇಕು. ಅಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಎರಡೋ ಮೂರೋ ಒಟ್ಟಿಗೆ ತೆರೆದಿರುತ್ತವೆ. ಅಷ್ಟೂ ಒಂದೇ ರೆಸಿಸ್ಟರಿನಿಂದ ಕರೆಂಟ್ ಹಂಚಿಕೊಳ್ಳಬೇಕು. ಒಂದೇ ಇದ್ದಾಗ 1.5 ಆಂಪ್. ಎರಡಾದರೆ ತಲಾ 0.9ಕ್ಕಿಂತ ಕಮ್ಮಿ. ಮೂರಾದರೆ ತಲಾ 0.6. ತೆರೆಯಬೇಕಾದ ಸೂಜಿ ತಡವಾಗಿ ತೆರೆಯಿತು, ಕೆಲವು ಸಲ ತೆರೆಯಲೇ ಇಲ್ಲ. ಪೆಟ್ರೋಲ್ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದ ಹೊತ್ತಿನಲ್ಲೇ ಕೈಕೊಟ್ಟಿತು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ಒಂದೇ ರೆಸಿಸ್ಟರ್ ಹಾಕಿ ಓಡಿಸುತ್ತಿರುವ ಇನ್ನೂ ಎರಡು ಗಾಡಿಗಳನ್ನು ಆಮೇಲೆ ನೋಡಿದೆ. ಇಬ್ಬರೂ ಐಡಲ್ ಚೆನ್ನಾಗಿದೆ ಅಂತ ನಂಬಿ ಕೂತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಇಂಜೆಕ್ಟರಿಗೆ ಒಂದು ರೆಸಿಸ್ಟರ್. ನಾಲ್ಕಕ್ಕೆ ನಾಲ್ಕು.

ರೆಸಿಸ್ಟರ್ ತರಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ಗೆ ಹೋದೆ. ಅಂಗಡಿಯವರು ಮೊದಲು ಕೊಟ್ಟಿದ್ದು ಬಿಳಿ ಸಿಮೆಂಟಿನದು, 10 ವ್ಯಾಟ್.

"ಇದೇ ಸಾಕು ಸಾರ್, ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ" ಅಂದರು.

"ಕಾರಿಗೆ ಹಾಕೋದು ಅಣ್ಣಾ, ಅದುರುತ್ತೆ. ಬಿಸೀನೂ ಆಗುತ್ತೆ."

"ಹಾಗಾದ್ರೆ ಗೋಲ್ಡ್ ತಗೊಳ್ಳಿ" ಅಂತ ಮೇಲಿನ ಡಬ್ಬ ಇಳಿಸಿದರು.

ಚಿನ್ನದ ಬಣ್ಣದ ಅಲ್ಯೂಮಿನಿಯಂ ಮೈ, ಎರಡು ಕಡೆ ಸ್ಕ್ರೂ ಹಾಕಲು ಕಿವಿ, 50 ವ್ಯಾಟ್. ಇದೇ ಸರಿಯಾದದ್ದು. ಸಿಮೆಂಟಿನದರ ಕಾಲುಗಳು ಸಣ್ಣ ತಂತಿ, ಕಾರಿನ ಅದುರಿಗೆ ಒಂದು ದಿನ ಮುರಿದೇ ಮುರಿಯುತ್ತವೆ. ಗೋಲ್ಡ್ ರೆಸಿಸ್ಟರಿನ ವಿಷಯದಲ್ಲೂ ಒಂದು ಮಾತು ನೆನಪಿರಲಿ. ಮೇಲೆ ಬರೆದಿರುವ 50 ವ್ಯಾಟ್, ಅದನ್ನು ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ತುಂಡು) ಮೇಲೆ ಬಿಗಿದಾಗ ಮಾತ್ರ. ಸುಮ್ನೆ ಗಾಳಿಯಲ್ಲಿ ನೇತುಹಾಕಿದರೆ ಅದರ ಅರ್ಧವೂ ಹೊರುವುದಿಲ್ಲ.

ಅವತ್ತು 4.7, 6.8, 10 ಓಮ್ ಮೂರರಲ್ಲೂ ನಾಲ್ಕು ನಾಲ್ಕು ತಂದೆ. ಯಾವುದು ಸರಿ ಅನ್ನುವುದನ್ನು ಗಾಡಿಯಲ್ಲೇ ನೋಡಬೇಕು ಅಂದುಕೊಂಡಿದ್ದೆ.

ಇಂಜಿನ್ ಓಡುವಾಗಿನ ಲೆಕ್ಕ ಮಾತ್ರ ನೋಡಿದರೆ ಮೂರೂ ನಡೆಯುತ್ತವೆ ಅನ್ನಿಸುತ್ತದೆ. 14 ವೋಲ್ಟ್‌ನಲ್ಲಿ 4.7 ಹಾಕಿದರೆ 2 ಆಂಪ್ ಹತ್ತಿರ, 6.8 ಹಾಕಿದರೆ 1.5, 10 ಹಾಕಿದರೆ 1.1. ಇಸಿಯು ತಣ್ಣಗಿರಲಿ ಅಂತ ಎಲ್ಲರ ಕಣ್ಣೂ ಮೊದಲು 10ರ ಮೇಲೆ ಹೋಗುತ್ತದೆ. ಆದರೆ ಬೆಳಿಗ್ಗೆ ತಣ್ಣಗಿನ ಇಂಜಿನ್ನಿಗೆ ಸೆಲ್ಫ್ ಹೊಡೆದಾಗ 14 ವೋಲ್ಟ್ ಎಲ್ಲಿರುತ್ತದೆ? ನನ್ನ ಬ್ಯಾಟರಿ ಆಗ 9.5ಕ್ಕೆ ಇಳಿಯುತ್ತದೆ. ಈಗ ಅದೇ ಲೆಕ್ಕ ಮತ್ತೆ ಹಾಕಿ. 10 ಓಮ್‌ಗೆ 0.77 ಆಂಪ್. 6.8ಕ್ಕೆ 1.03. 4.7ಕ್ಕೆ 1.34. ರೆಸಿಸ್ಟರ್ ಆರಿಸಬೇಕಾದದ್ದು ಈ ಸಾಲು ನೋಡಿ. ಫುಲ್ ಥ್ರಾಟಲ್‌ನಲ್ಲಿ ಯಾವುದಾದರೂ ನಡೆದೀತು, ಸೆಲ್ಫ್ ಹೊಡೆಯುವಾಗ ನಡೆಯಬೇಕು.

ನಮ್ಮ ಗ್ಯಾರೇಜಿನ ಮೇಸ್ತ್ರಿ ಹತ್ತಿರ ಇಂಜೆಕ್ಟರ್ ಕ್ಲೀನ್ ಮಾಡುವ ಮಷಿನ್ ಇದೆ. ನಾಲ್ಕೂ ಇಂಜೆಕ್ಟರನ್ನು ಅದರಲ್ಲಿ ಕೂರಿಸಿ 3 ಬಾರ್ ಪ್ರೆಷರ್ ಕೊಟ್ಟೆವು. ಮಷಿನ್ನಿನ ಕರೆಂಟ್ ಬಳಸಲಿಲ್ಲ. ಅದು ತನ್ನದೇ ಡ್ರೈವರಿನಿಂದ ತೆರೆಯುತ್ತದೆ, ನನಗೆ ಬೇಕಾಗಿದ್ದು ನನ್ನ ಗಾಡಿಯಲ್ಲಿ ಆಗುವ ಹಾಗೆ. ಒಂದು ಚಿಕ್ಕ ಆರ್ಡುಯಿನೊ, ಇಸಿಯುನಲ್ಲಿ ಇರುವ ಜಾತಿಯದೇ ಮಾಸ್‌ಫೆಟ್ (ಕರೆಂಟನ್ನು ಹಾಕಿ ತೆಗೆಯುವ ಎಲೆಕ್ಟ್ರಾನಿಕ್ ಸ್ವಿಚ್), ಜೊತೆಗೆ ವೋಲ್ಟೇಜ್ ಏರಿಸಿ ಇಳಿಸಬಹುದಾದ ಪವರ್ ಸಪ್ಲೈ. 9.5 ವೋಲ್ಟ್ ಇಟ್ಟು 10 ಓಮ್ ಹಾಕಿದಾಗ ಎರಡು ಇಂಜೆಕ್ಟರ್ ಸರಿಯಾಗಿ ತೆರೆಯಲೇ ಇಲ್ಲ, ತೊಟ್ಟಿಕ್ಕಿದವು. 6.8ರಲ್ಲಿ ನಾಲ್ಕೂ ತೆರೆದವು. 4.7ರಲ್ಲಿ ಟಿಕ್ ಟಿಕ್ ಅನ್ನುವ ಸದ್ದೇ ಬೇರೆ, ಖಡಕ್ಕಾಗಿತ್ತು.

ನಾಲ್ಕೂ ತೆರೆಯುತ್ತಿವೆಯಲ್ಲ, ಇಸಿಯುಗೂ ಹಗುರ ಅಂತ ನಾನು 6.8 ಹಾಕಿದೆ. ನವೆಂಬರ್ ತನಕ ಏನೂ ತೊಂದರೆ ಬರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ, ಗಾಡಿ ಹದಿನೈದು ದಿನ ನಿಂತು ಬ್ಯಾಟರಿ ಸ್ವಲ್ಪ ಇಳಿದಿತ್ತು. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮೀಟರ್ ಇಟ್ಟು ನೋಡಿದರೆ 8.8 ವೋಲ್ಟ್. ಅಷ್ಟರಲ್ಲಿ 1 ಆಂಪ್ ಕೂಡ ಹರಿಯುವುದಿಲ್ಲ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟ ಕೂಡಲೇ ಹಿಡಿಯಿತು. ಅವತ್ತೇ 6.8 ಬಿಚ್ಚಿ 4.7 ಹಾಕಿದೆ. ಈಗಲೂ ಅದೇ ಇದೆ.

4.7 ಹಾಕಿದರೆ ಬಿಸಿ ಎಷ್ಟು? 2 ಆಂಪ್ ಸದಾ ಹರಿದರೆ ಒಂದೊಂದು ರೆಸಿಸ್ಟರಿನಲ್ಲೂ 18 ವ್ಯಾಟ್. ಇಂಜೆಕ್ಟರ್ ಸದಾ ತೆರೆದಿರುವುದಿಲ್ಲ, ಹೆಚ್ಚೆಂದರೆ ಶೇ. 80 ಹೊತ್ತು. ಆಗ 15ಕ್ಕಿಂತ ಸ್ವಲ್ಪ ಕಮ್ಮಿ, ನಾಲ್ಕೂ ಸೇರಿ 58 ವ್ಯಾಟ್. ಇದು ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೆಲವು ಸೆಕೆಂಡ್ ಮಾತ್ರ. ಐಡಲ್‌ನಲ್ಲಿ ಬಿಸಿ ಅನ್ನುವುದೇ ಇಲ್ಲ.

ಹೀಟ್‌ಸಿಂಕ್‌ಗೆ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಉಳಿದಿದ್ದ ಅಲ್ಯೂಮಿನಿಯಂ ತುಂಡು ಸಿಕ್ಕಿತು, ಹಿಂದೆ ಸಾಲು ಸಾಲು ರೆಕ್ಕೆ ಇರುವುದು. ಎಂಟು ಇಂಚು ಕತ್ತರಿಸಿ, ತೂತು ಹೊಡೆದು ಕೊಟ್ಟರು. ರೆಸಿಸ್ಟರಿನ ಬುಡಕ್ಕೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ ಬಿಗಿದೆ. ಕೂರಿಸಿದ ಜಾಗ ಎಡಗಡೆ ಹೆಡ್‌ಲೈಟಿನ ಹಿಂದೆ. ಅಲ್ಲಿ ಮುಂದಿನಿಂದ ಗಾಳಿ ಬರುತ್ತದೆ, ಟರ್ಬೊ ದೂರ. ಪೆಟ್ರೋಲ್ ಪೈಪಿನಿಂದಲೂ ದೂರ ಇರುವುದು ತುಂಬಾ ಮುಖ್ಯ. ಆಟೋಕ್ರಾಸ್‌ನಲ್ಲಿ ಒಂದು ರನ್ ಮುಗಿಸಿ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 71 ಡಿಗ್ರಿ ತೋರಿಸಿತು. ನೆಮ್ಮದಿಯಾಯಿತು.

ವೈರಿಂಗ್ ಹೀಗೆ. ರಿಲೇಯಿಂದ ಬರುವ ಪ್ಲಸ್‌ಗೆ 10 ಆಂಪ್ ಫ್ಯೂಸ್, ಅಲ್ಲಿಂದ 1.5 ಸ್ಕ್ವೇರ್ ಎಂಎಂ ವೈರಿನಲ್ಲಿ ಹೀಟ್‌ಸಿಂಕ್ ತನಕ. ನಾಲ್ಕು ರೆಸಿಸ್ಟರಿನ ಒಂದು ಬದಿಯ ಕಾಲುಗಳನ್ನು ಒಟ್ಟಿಗೆ ಸೇರಿಸಿ ಆ ಪ್ಲಸ್‌ಗೆ. ಇನ್ನೊಂದು ಬದಿಯಿಂದ ಒಂದೊಂದು ವೈರ್ ಒಂದೊಂದು ಇಂಜೆಕ್ಟರಿಗೆ, 1, 2, 3, 4 ಅಂತ ಚೀಟಿ ಅಂಟಿಸಿ. ಹಳೇ ಪ್ಲಸ್ ವೈರ್ ಒಳಗೊಳಗೇ ನಾಲ್ಕಕ್ಕೂ ಸೇರಿಕೊಂಡಿರುತ್ತದೆ, ಅದನ್ನು ಪ್ರತಿ ಇಂಜೆಕ್ಟರಿನ ಹತ್ತಿರ ಕತ್ತರಿಸಲೇಬೇಕು. ಒಂದು ಕಡೆ ಉಳಿದರೂ ಕರೆಂಟ್ ರೆಸಿಸ್ಟರನ್ನು ಬಿಟ್ಟು ಅಲ್ಲಿಂದಲೇ ಹರಿಯುತ್ತದೆ. ರೆಸಿಸ್ಟರಿನ ಕಾಲಿಗೆ ಬೆಸುಗೆ ಹಾಕಿದ ಮೇಲೆ, ಎರಡು ಇಂಚಿನೊಳಗೆ ವೈರನ್ನು ಕ್ಲಿಪ್ ಹಾಕಿ ಹಿಡಿಸಿದೆ. ಬೆಸುಗೆ ಮುಗಿಯುವ ಜಾಗದಲ್ಲೇ ವೈರ್ ಬಾಗಿ ಬಾಗಿ ತುಂಡಾಗುವುದು. ಇಂಜೆಕ್ಟರಿಗೆ ಅಡ್ಡಲಾಗಿ ಸಾದಾ ಡಯೋಡ್ ಹಾಕಿ ಅಂತ ಒಬ್ಬರು ಹೇಳಿದ್ದರು. ಹಾಕಬೇಡಿ, ಸೂಜಿ ಮುಚ್ಚುವುದು ನಿಧಾನವಾಗುತ್ತದೆ.

ಇಸಿಯು ಸಿಕ್ಕಿಸುವ ಮೊದಲು ಪರೀಕ್ಷೆ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟೆ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್ ಪೈಪಿನಲ್ಲಿದ್ದ ಪ್ರೆಷರ್ ಬಿಟ್ಟೆ. ಇಲ್ಲದಿದ್ದರೆ ಸಿಲಿಂಡರಿನೊಳಗೆ ಪೆಟ್ರೋಲ್ ತುಂಬುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲೇ ಇತ್ತು. ಇಸಿಯು ಕನೆಕ್ಟರ್ ತೆಗೆದು, ಕೀ ಆನ್ ಮಾಡಿ, ಒಂದೊಂದು ಪಿನ್ನಿನಿಂದ ಅರ್ತ್‌ಗೆ ಮೀಟರಿನ ಆಂಪ್ ರೇಂಜ್ ಮೂಲಕ ಒಂದು ಕ್ಷಣ ತಾಗಿಸಿದೆ. ಟಿಕ್ ಅಂತ ಸದ್ದು, ಮೀಟರಿನಲ್ಲಿ 1.7 ಆಂಪ್. ನಾಲ್ಕರಲ್ಲೂ ಅಷ್ಟೇ. ಯಾವುದಾದರೂ ಒಂದು 5 ತೋರಿಸಿದ್ದರೆ ಅಲ್ಲಿ ರೆಸಿಸ್ಟರ್ ಬೈಪಾಸ್ ಆಗಿದೆ ಅಂತ ಅರ್ಥ.

ಇಷ್ಟಕ್ಕೇ ಕೆಲಸ ಮುಗಿಯಿತು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತದೆ.

ಇಸಿಯು ತೆರೆ ಅಂದ ಕ್ಷಣಕ್ಕೇ ಸೂಜಿ ಏಳುವುದಿಲ್ಲ. ಕರೆಂಟ್ ಏರಿ, ಸೂಜಿ ಎದ್ದು, ಪೆಟ್ರೋಲ್ ಹರಿಯುವ ತನಕ ಸ್ವಲ್ಪ ಹೊತ್ತು ದಂಡವಾಗುತ್ತದೆ. ಇದಕ್ಕೆ ಡೆಡ್ ಟೈಮ್ ಅನ್ನುತ್ತಾರೆ. ರೆಸಿಸ್ಟರ್ ಹಾಕಿದಾಗ ಇದು ಬದಲಾಗುತ್ತದೆ, ಅದೂ ವೋಲ್ಟೇಜ್ ಕಮ್ಮಿ ಆದ ಹಾಗೆಲ್ಲ ಜಾಸ್ತಿ ಆಗುತ್ತದೆ. ಪೀಕ್ ಅಂಡ್ ಹೋಲ್ಡ್ ಡ್ರೈವರಿಗೆಂದು ಯಾರೋ ಕೊಟ್ಟ ಡೆಡ್ ಟೈಮ್ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 450 ಸಿಸಿ ಇಂಜೆಕ್ಟರ್ ಐಡಲ್‌ನಲ್ಲಿ ತೆರೆಯುವುದೇ 2 ಮಿಲಿಸೆಕೆಂಡ್. ಅದರಲ್ಲಿ 1 ಹೋದರೆ ಅರ್ಧವೇ ಹೋಯಿತು. ಈ ಅಂಕಿ ಸ್ವಲ್ಪ ತಪ್ಪಿದರೂ ಐಡಲ್ ಕೆಡುತ್ತದೆ.

ಅಳೆಯುವ ದಾರಿ ಸುಲಭ. ಮತ್ತೆ ಅದೇ ಮಷಿನ್, ಅದೇ ಆರ್ಡುಯಿನೊ, 4.7ರ ರೆಸಿಸ್ಟರ್, 14 ವೋಲ್ಟ್. ಒಂದು ಇಂಜೆಕ್ಟರಿಗೆ 6 ಮಿಲಿಸೆಕೆಂಡಿನ 1000 ಪಲ್ಸ್ ಕೊಟ್ಟೆ, ಅಂದರೆ ಸಾವಿರ ಸಲ ತೆರೆ ಅಂದೆ. ಅಳತೆಯ ಗಾಜಿನ ಕೊಳವೆಯಲ್ಲಿ 37 ಎಂಎಲ್‌ಗೆ ಒಂದು ಕೂದಲಷ್ಟು ಕಮ್ಮಿ ಬಂತು. ಖಾಲಿ ಮಾಡಿ 3 ಮಿಲಿಸೆಕೆಂಡಿನ 1000 ಪಲ್ಸ್. ಈಗ ಬಂದದ್ದು 14 ಚಿಲ್ಲರೆ. ಪಲ್ಸ್ ಅರ್ಧ ಆದರೆ ಪೆಟ್ರೋಲೂ ಅರ್ಧ ಆಗಬೇಕಿತ್ತು, 18 ಬರಬೇಕಿತ್ತು. ಬರಲಿಲ್ಲ. ಎರಡರ ನಡುವಿನ ವ್ಯತ್ಯಾಸ 22.5, ಅದು 3 ಮಿಲಿಸೆಕೆಂಡಿನದು. ಅಂದರೆ 1000 ಪಲ್ಸ್‌ನಲ್ಲಿ, ಪಲ್ಸಿನ ಒಂದೊಂದು ಮಿಲಿಸೆಕೆಂಡಿಗೆ 7.5 ಎಂಎಲ್. 14.25 ಎಂಎಲ್ ಬರಲು 1.9 ಮಿಲಿಸೆಕೆಂಡ್ ಸಾಕು. ನಾನು ಕೊಟ್ಟಿದ್ದು 3. ಉಳಿದ 1.1 ಮಿಲಿಸೆಕೆಂಡೇ ಡೆಡ್ ಟೈಮ್. ಆ ಅಂಕಿ ಕಾಗದದ ಮೇಲೆ ಮೂಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಮೇಸ್ತ್ರಿ ಕೂಡ ಕೆಲಸ ಬಿಟ್ಟು ಬಂದು, "ಇನ್ನೊಂದ್ಸಲ ಮಾಡಪ್ಪ, ನೋಡೋಣ" ಅಂದರು. ಮಾಡಿದೆ, ಅಷ್ಟೇ ಬಂತು. 10 ವೋಲ್ಟ್‌ಗೆ ಇಳಿಸಿದಾಗ 1.8 ಆಯಿತು.

ಈ ಅಂಕಿಗಳನ್ನು ಇಸಿಯುಗೆ ಸೆಟ್ಟಿಂಗ್ ಹಾಕುವ ಟ್ಯೂನರ್‌ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಇಂಜೆಕ್ಟರ್ ತೆರೆಯುವ ಸಮಯ ಮತ್ತು ಬ್ಯಾಟರಿ ವೋಲ್ಟೇಜ್ ಕರೆಕ್ಷನ್ ಟೇಬಲ್‌ಗೆ ಹಾಕಿದೆ. ಅದಕ್ಕೂ ಮೊದಲು ನನ್ನ ಗಾಡಿಗೆ ಒಂದು ಕಾಯಿಲೆ ಇತ್ತು. ರೇಡಿಯೇಟರ್ ಫ್ಯಾನ್ ಆನ್ ಆದ ಕೂಡಲೇ ವೋಲ್ಟೇಜ್ 14.1ರಿಂದ 13.2ಕ್ಕೆ ಬೀಳುತ್ತಿತ್ತು, ವೈಡ್‌ಬ್ಯಾಂಡ್ 14.5ರಿಂದ 15.8ಕ್ಕೆ ಏರುತ್ತಿತ್ತು, ಐಡಲ್ ಮೇಲೆ ಕೆಳಗೆ ಕುಣಿಯುತ್ತಿತ್ತು. ವ್ಯಾಕ್ಯೂಮ್ ಲೀಕ್ ಅಂತ ಎರಡು ಭಾನುವಾರ ಪೈಪ್ ಹುಡುಕಿದ್ದೆ. ಟೇಬಲ್ ಸರಿ ಮಾಡಿದ ಮೇಲೆ ನಿಂತೇ ಹೋಯಿತು. ನೀವೂ ಹೀಗೇ ಪರೀಕ್ಷೆ ಮಾಡಬಹುದು. ಇಂಜಿನ್ ಬಿಸಿ ಆದ ಮೇಲೆ ಐಡಲ್‌ನಲ್ಲಿ ಬಿಟ್ಟು, ಹೆಡ್‌ಲೈಟ್, ಬ್ಲೋವರ್, ಫ್ಯಾನ್ ಒಂದೊಂದಾಗಿ ಹಾಕಿ. ವೈಡ್‌ಬ್ಯಾಂಡ್ ಕದಲಬಾರದು. ಲೀನ್ ಕಡೆ ಹೋದರೆ ಕಮ್ಮಿ ವೋಲ್ಟೇಜಿನ ಅಂಕಿ ಸ್ವಲ್ಪ ಏರಿಸಿ, ರಿಚ್ (ಪೆಟ್ರೋಲ್ ಜಾಸ್ತಿ) ಆದರೆ ಇಳಿಸಿ.

ಇವತ್ತು ಹೊಸದಾಗಿ ಶುರು ಮಾಡುವವರು ಕೇಳಿದರೆ, ದುಡ್ಡಿದ್ದರೆ 12 ಓಮ್ ಹತ್ತಿರ ಇರುವ ಹೊಸ ಕಾಲದ ದೊಡ್ಡ ಇಂಜೆಕ್ಟರನ್ನೇ ಕೊಳ್ಳಿ ಅನ್ನುತ್ತೇನೆ. 550 ಸಿಸಿಯಷ್ಟು ದೊಡ್ಡದೂ ಈಗ ಜಾಸ್ತಿ ಓಮ್‌ನಲ್ಲಿ ಸಿಗುತ್ತದೆ, ರೆಸಿಸ್ಟರ್ ಗೋಜೇ ಬೇಡ. ಕೈಯಲ್ಲಿ ಕಮ್ಮಿ ಓಮ್‌ನ ಒಳ್ಳೆ ಸೆಟ್ ಇದ್ದರೆ ಮಾತ್ರ ಈ ದಾರಿ.

ಹೋದ ತಿಂಗಳು ಆರು ರನ್ ಮುಗಿಸಿ ಬಂದು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಹಳೇ ಪೇಪರ್ ಹಾಸಿ ಸಾಲಾಗಿ ಇಟ್ಟು ಬಿಸಿಲಿಗೆ ಹಿಡಿದು ನೋಡಿದೆ. ನಾಲ್ಕರ ಮೂತಿಯೂ ಒಂದೇ ತಿಳಿ ಕಂದು ಬಣ್ಣ. ಒಂದೇ ರೆಸಿಸ್ಟರ್ ಇದ್ದಾಗ ಬಿಚ್ಚಿದ ಪ್ಲಗ್‌ಗಳನ್ನೂ ಎಸೆಯದೆ ಇಟ್ಟುಕೊಂಡಿದ್ದೇನೆ. ಎರಡು ಕಂದು, ಎರಡು ಸುಣ್ಣದ ಹಾಗೆ ಬಿಳಿ. ಯಾರಾದರೂ ಒಂದು ರೆಸಿಸ್ಟರ್ ಸಾಕಲ್ವಾ ಅಂತ ಕೇಳಿಕೊಂಡು ಬಂದರೆ ಆ ಡಬ್ಬ ತೆಗೆದು ಅವರ ಕೈಗೆ ಕೊಡುತ್ತೇನೆ.